ಗದ್ದೆ ಬದುವಿನ ಸಣ್ಣ ಕಪ್ಪೆ ಒಂದೇ ಪ್ರಭೇದವೇ? ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಗೆ ವಂಶವಾಹಿ ಪರೀಕ್ಷೆ ಏಕೆ ಬೇಕು

ಗಂಗಾವತಿ ಉಪನ್ಯಾಸಕ:

ಮುಂಗಾರು ಹಿಡಿದ ಮೇಲೆ ನಮ್ಮ ಕಾಲೇಜಿನ ಮಕ್ಕಳು ಮೊಬೈಲ್ ತುಂಬ ಕಪ್ಪೆಗಳ ಚಿತ್ರ ತಂದು ಹೆಸರು ಕೇಳುತ್ತಿದ್ದಾರೆ. ಮುಕ್ಕಾಲು ಪಾಲು ಚಿತ್ರಗಳು ಭತ್ತದ ಸಸಿ ಮಡಿಯ ಅಂಚಿನಲ್ಲಿ, ಬದುವಿನ ಹುಲ್ಲಿನಲ್ಲಿ ಕೂರುವ ಸಣ್ಣ ಕಂದು ಕಪ್ಪೆಯವು. ಮೂರು ನಾಲ್ಕು ಸೆಂಟಿಮೀಟರ್ ಉದ್ದ, ಬೆನ್ನ ಮೇಲೆ ತುಂಡು ತುಂಡಾದ ಮಡಿಕೆಗಳು, ತುಟಿಯ ಮೇಲೆ ಕಪ್ಪು ಪಟ್ಟೆಗಳು. ಒಂದೇ ಮಡಿಯಲ್ಲಿ ಕೆಲವಕ್ಕೆ ಬೆನ್ನ ನಡುವೆ ತಿಳಿ ಹಳದಿ ಗೆರೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗೆರೆ ಇದ್ದದ್ದು ಒಂದು ಜಾತಿ, ಇಲ್ಲದ್ದು ಇನ್ನೊಂದು ಎಂದು ಮಕ್ಕಳು ವಾದಿಸುತ್ತಾರೆ. ಹಾಗಲ್ಲ, ಒಂದೇ ಪ್ರಭೇದದಲ್ಲಿ ಎರಡೂ ಬಗೆ ಹುಟ್ಟುತ್ತವೆ ಎಂದು ಹೇಳಬಲ್ಲೆ. ಆದರೆ ಅದು ಯಾವ ಪ್ರಭೇದ ಎಂದು ಕೇಳಿದರೆ ನಾನು ಸುಮ್ಮನಾಗಬೇಕಾಗುತ್ತದೆ.

ಪ್ರಯೋಗಾಲಯದ ಹಳೆಯ ಪಟ್ಟಿಯಲ್ಲಿ ಇದಕ್ಕೆ ರಾನಾ ಲಿಮ್ನೊಕಾರಿಸ್ ಎಂದು ಬರೆದಿದೆ. ಅದು 1829ರಲ್ಲಿ ಗ್ರಾವೆನ್‌ಹಾರ್ಸ್ಟ್ ಜಾವಾ ದ್ವೀಪದ ಕಪ್ಪೆಗೆ ಕೊಟ್ಟ ಹೆಸರು. ಪಾಕಿಸ್ತಾನದಿಂದ ಜಪಾನಿನವರೆಗೆ ಗದ್ದೆಯಲ್ಲಿ ಕಂಡ ಸಣ್ಣ ಕಪ್ಪೆಗಳಿಗೆಲ್ಲ ಬಹುಕಾಲ ಇದೇ ಹೆಸರು ನಡೆಯಿತು. ಈಗ ಆ ಗುಂಪನ್ನು ವಂಶವಾಹಿಗಳ ಆಧಾರದ ಮೇಲೆ ಒಡೆದು ಹಲವು ಪ್ರಭೇದಗಳೆಂದು ತೋರಿಸಿದ್ದಾರೆ. ಪಶ್ಚಿಮ ಘಟ್ಟದ ಕಪ್ಪೆಗಳ ಮೇಲೆ ಸಾಕಷ್ಟು ಕೆಲಸವಾಗಿದೆ. ತುಂಗಭದ್ರಾ ಎಡದಂಡೆ, ಬಲದಂಡೆಗಳ ಗದ್ದೆಗಳಲ್ಲಿ ರಾತ್ರಿಯಿಡೀ ಕೂಗುವ ಕಪ್ಪೆಗಳ ಬಗ್ಗೆ ನಮ್ಮಲ್ಲಿ ಯಾರಾದರೂ ಈ ದಿಕ್ಕಿನಲ್ಲಿ ಯೋಚಿಸಿದ್ದೀರಾ? ತಿಳಿದವರು ದಯವಿಟ್ಟು ಬರೆಯಿರಿ.

ಸಂಡೂರು ಛಾಯಾಗ್ರಾಹಕ:

ಗುರುಗಳೇ, ಒಳ್ಳೆಯ ಚಿತ್ರವಿದ್ದರೆ ಹೆಸರು ಹೇಳುವುದು ಕಷ್ಟವಲ್ಲ ಎಂಬುದು ನನ್ನ ಅನುಭವ. ಬೆನ್ನು, ಪಕ್ಕೆ, ಹೊಟ್ಟೆ, ಹಿಂಗಾಲಿನ ಬೆರಳುಗಳ ನಡುವಿನ ಪೊರೆ, ಈ ನಾಲ್ಕನ್ನೂ ಸ್ಪಷ್ಟವಾಗಿ ತೆಗೆದರೆ ಸಾಕು. ಸಂಡೂರು ಗುಡ್ಡಗಳಲ್ಲಿ ನಾನು ಹಾಗೆಯೇ ಗುರುತಿಸುತ್ತಾ ಬಂದಿದ್ದೇನೆ. ಗೋಂಕರು ಕಪ್ಪೆಗಳಲ್ಲಿ ದೊಡ್ಡದಾದ ಟೈಗ್ರಿನಸ್ಸನ್ನೂ ಗುಂಡಗಿನ ಮೈಯ ಕ್ರಾಸಸ್ಸನ್ನೂ ಬೇರ್ಪಡಿಸಲು ಯಾವ ಪ್ರಯೋಗಾಲಯವೂ ಬೇಡ. ಕ್ರಾಸಸ್ಸಿನ ಹಿಮ್ಮಡಿಯಲ್ಲಿ ನೆಲ ಅಗೆಯುವ ದೊಡ್ಡ ಗಡ್ಡೆ ಇರುತ್ತದೆ, ಅದು ಚಿತ್ರದಲ್ಲೇ ಕಾಣುತ್ತದೆ. ಕಣ್ಣಿಗೆ ಕಾಣುವುದನ್ನು ಬಿಟ್ಟು ಎಲ್ಲದಕ್ಕೂ ಡಿಎನ್‌ಎ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ರಾಯಚೂರಿನ ಸಂಶೋಧಕಿ:

ನಾನು ರಾಯಚೂರಿನವಳು, ಈಗ ಬೇರೆ ಊರಿನಲ್ಲಿ ಅಣ್ವಿಕ ಜೀವಶಾಸ್ತ್ರದಲ್ಲಿ (ಮಾಲಿಕ್ಯುಲರ್ ಬಯಾಲಜಿ) ಸಂಶೋಧನೆ ಮಾಡುತ್ತಿದ್ದೇನೆ. ಗೋಂಕರು ಕಪ್ಪೆಗಳ ವಿಷಯದಲ್ಲಿ ಸಂಡೂರಿನ ಸರ್ ಹೇಳಿದ್ದು ನಿಜ. ಆದರೆ ಉಪನ್ಯಾಸಕರು ಕೇಳಿದ ಸಣ್ಣ ಕಪ್ಪೆಯ ಗುಂಪಿನಲ್ಲಿ ಆ ದಾರಿ ಮುಚ್ಚಿಹೋಗುತ್ತದೆ. ಪೊರೆಯ ಅಳತೆ, ಮಡಿಕೆಗಳ ಸಾಲು, ಮೂತಿಯ ಚೂಪು, ಇವೆಲ್ಲ ಒಂದೇ ಪ್ರಭೇದದೊಳಗೂ ಬದಲಾಗುತ್ತವೆ, ಎರಡು ಪ್ರಭೇದಗಳ ನಡುವೆ ಒಂದೇ ಆಗಿಯೂ ಇರುತ್ತವೆ. ಹೊಟ್ಟೆಯ ಎರಡೂ ಪಕ್ಕದಲ್ಲಿ ಓಡುವ ಸಣ್ಣ ಗೆರೆ ಈ ಇಡೀ ಗುಂಪಿನ ಗುರುತು. ಅದರಿಂದ ಗುಂಪು ತಿಳಿಯುತ್ತದೆಯೇ ಹೊರತು ಪ್ರಭೇದ ತಿಳಿಯುವುದಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. 2007ರಲ್ಲಿ ಕುರಮೊಟೊ, ಜೋಷಿ ಮತ್ತು ಸಂಗಡಿಗರು ಮಧ್ಯ ಪಶ್ಚಿಮ ಘಟ್ಟದ ಈ ಗುಂಪಿನ ಕಪ್ಪೆಗಳನ್ನು ಪರೀಕ್ಷಿಸಿ ನಾಲ್ಕು ಹೊಸ ಪ್ರಭೇದಗಳನ್ನು ವಿವರಿಸಿದರು: ಕೇಪರೇಟಾ, ಗ್ರಾನೋಸಾ, ಕುದುರೆಮುಖೆನ್ಸಿಸ್, ಮುದ್ದುರಾಜ. ಅಷ್ಟು ಓಡಾಟವಿರುವ ಸೀಮೆಯಲ್ಲೇ ನಾಲ್ಕು ಪ್ರಭೇದಗಳು ಹಳೆಯ ಹೆಸರುಗಳ ಮರೆಯಲ್ಲಿ ಉಳಿದುಬಿಟ್ಟಿದ್ದವು. ಹತ್ತಿರದ ಪ್ರಭೇದಗಳನ್ನು ಒಟ್ಟಿಗೆ ಸೇರಿಸುವ ಕುಲದ ಹೆಸರೂ ಬದಲಾಗಿದೆ. 2018ರ ನಂತರ ದಕ್ಷಿಣ ಏಷ್ಯಾದ ಈ ಗುಂಪಿನ ಬಹುಪಾಲು ಕಪ್ಪೆಗಳನ್ನು ಫೆಜೆರ್ವಾರ್ಯದಿಂದ ಮಿನರ್ವಾರ್ಯಕ್ಕೆ ಸೇರಿಸಿದ್ದಾರೆ. ಗಂಗಾವತಿಯ ಕಪ್ಪೆ ಮಿನರ್ವಾರ್ಯ ಅಗ್ರಿಕೋಲ ಇರಬಹುದು, ಸಹ್ಯಾದ್ರಿಯ ಹೆಸರಿನ ಸಯಾಡ್ರೆನ್ಸಿಸ್ ಇರಬಹುದು, ಎರಡೂ ಒಂದೇ ಗದ್ದೆಯಲ್ಲಿರಬಹುದು. ಚಿತ್ರ ನೋಡಿ ಹೇಳುವವರನ್ನು ನಾನು ನಂಬುವುದಿಲ್ಲ.

ಪರೀಕ್ಷೆಯ ಕ್ರಮ ಹೀಗಿದೆ. ಕಪ್ಪೆಯ ಬಾಯೊಳಗೆ ಹತ್ತಿಯ ಕಡ್ಡಿಯನ್ನು ಮೆಲ್ಲಗೆ ಆಡಿಸಿ ತೆಗೆದ ಜೀವಕೋಶಗಳು ಅಥವಾ ಬೆರಳ ತುದಿಯ ಸಣ್ಣ ಚೂರು ಸಾಕು. ಅದನ್ನು ಶುದ್ಧ ಎಥನಾಲ್‌ನಲ್ಲಿ ಇಡಬೇಕು. ಕಾಲೇಜುಗಳಲ್ಲಿ ರೂಢಿಯಿರುವ ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಪ್ರಯೋಗಾಲಯದಲ್ಲಿ ಡಿಎನ್‌ಎ ಬೇರ್ಪಡಿಸಿ, ಪಿಸಿಆರ್ ಯಂತ್ರದಲ್ಲಿ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ 16ಎಸ್ ಎಂಬ ವಂಶವಾಹಿಯ ಒಂದು ಭಾಗವನ್ನು ಕೋಟಿಗಟ್ಟಲೆ ಪ್ರತಿ ಮಾಡುತ್ತೇವೆ. ಡಿಎನ್‌ಎಯ ರಾಸಾಯನಿಕ ಘಟಕಗಳನ್ನು ಅಕ್ಷರಗಳೆಂದು, ಅವುಗಳ ಸಾಲನ್ನು ಸರಣಿಯೆಂದು ಕರೆಯುತ್ತೇವೆ; ಆ ಭಾಗ ಸುಮಾರು 550 ಅಕ್ಷರ ಉದ್ದ. ಅದನ್ನು ಓದಿಸಿ ಬೇರೆ ಕಪ್ಪೆಗಳ ಸರಣಿಯ ಪಕ್ಕದಲ್ಲಿಟ್ಟು ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ನೋಡುತ್ತೇವೆ. ಕಪ್ಪೆಗಳಲ್ಲಿ ಈ ಭಾಗದ ವ್ಯತ್ಯಾಸ ಶೇ. 3 ದಾಟಿದರೆ, ಅಂದರೆ ಹದಿನಾರು ಹದಿನೇಳು ಅಕ್ಷರ ಬೇರೆಯಾದರೆ, ಬೇರೆ ಪ್ರಭೇದವಿರಬಹುದೆಂದು ಅನುಮಾನಿಸುವ ರೂಢಿಯಿದೆ. ಅದು ಅನುಮಾನಕ್ಕೆ ಕಾರಣ ಮಾತ್ರ, ತೀರ್ಪಲ್ಲ.

ಸಿಂಧನೂರು ಕೊನೆಭಾಗದ ರೈತ:

ನಿಮ್ಮ ಮಾತುಗಳಲ್ಲಿ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನಮ್ಮದು ಕಾಲುವೆಯ ಕೊನೆಭಾಗ. ನೀರು ತಡವಾಗಿ ಬರುವುದರಿಂದ ನೀರು ತಿರುವಿಕೊಳ್ಳಲು ರಾತ್ರಿ ಹೊಲದಲ್ಲೇ ಇರಬೇಕಾಗುತ್ತದೆ. ಆಗ ಕೇಳಿಸುವ ಸಣ್ಣ ಕಪ್ಪೆಯ ಕೂಗು ಎರಡು ಬಗೆಯದು. ಬದುವಿನ ಹುಲ್ಲಿನಿಂದ ಬರುವುದು ಸಣ್ಣಗೆ, ಚಿಟಿಚಿಟಿ ಎಂದು ಬಿಡದೆ ಓಡುತ್ತದೆ. ಮಡಿಯೊಳಗಿನ ನೀರಿನಿಂದ ಬರುವುದು ದಪ್ಪ, ತಡೆದು ತಡೆದು ಬರುತ್ತದೆ. ಬ್ಯಾಟರಿ ಬಿಟ್ಟು ನೋಡಿದರೆ ಎರಡು ಕಡೆಯೂ ಕೂತಿರುವುದು ಅದೇ ಕಂದು ಕಪ್ಪೆ, ಗಂಟಲು ಮಾತ್ರ ಉಬ್ಬಿರುತ್ತದೆ. ನಮ್ಮ ತಂದೆಯವರೂ ಎರಡು ಬಗೆ ಎನ್ನುತ್ತಿದ್ದರು. ಇದು ನಿಮಗೆ ಉಪಯೋಗಕ್ಕೆ ಬರುತ್ತದೆಯೇ?

ರಾಯಚೂರಿನ ಸಂಶೋಧಕಿ:

ಅಣ್ಣ, ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತಿ ಬೆಲೆಯುಳ್ಳ ಮಾಹಿತಿ ಇದೇ. ಹೆಣ್ಣು ಕಪ್ಪೆ ತನ್ನ ಜಾತಿಯ ಗಂಡನ್ನು ಕೂಗಿನಿಂದಲೇ ಗುರುತಿಸುತ್ತದೆ. ನೋಟ ಒಂದೇ ಆಗಿದ್ದು ಕೂಗು ಎರಡಾಗಿದ್ದರೆ ಅಲ್ಲಿ ಎರಡು ಪ್ರಭೇದಗಳಿರುವ ಸಾಧ್ಯತೆ ಹೆಚ್ಚು.

ಅಮೆರಿಕದಲ್ಲಿ ಬೂದು ಮರಗಪ್ಪೆಗಳ ಜೋಡಿಯೊಂದಿದೆ. ಕಣ್ಣಿಗೆ ಎರಡೂ ಒಂದೇ. ಆದರೆ ಒಂದರ ಕೂಗು ಬೇಗ ಬೇಗ, ಇನ್ನೊಂದರದು ನಿಧಾನ. ಪರೀಕ್ಷಿಸಿದಾಗ ಒಂದರಲ್ಲಿ 24 ವರ್ಣತಂತುಗಳು, ಇನ್ನೊಂದರಲ್ಲಿ ಅದರ ಎರಡರಷ್ಟು, 48. ನ್ಯೂಯಾರ್ಕ್ ನಗರದ ಚಿರತೆ ಕಪ್ಪೆಯ ಕಥೆಯೂ ಇಂಥದ್ದೇ. ಅಲ್ಲಿ ಇನ್ನೊಂದು ಬಗೆಯ ಕಪ್ಪೆ ಇದೆಯೆಂದು ಕಾರ್ಲ್ ಕಾಫೆಲ್ಡ್ 1930ರ ದಶಕದಲ್ಲೇ ವಾದಿಸಿದ್ದರು, ಯಾರೂ ಒಪ್ಪಲಿಲ್ಲ. ವಿಚಿತ್ರ ಕೂಗು ಕೇಳಿ ಬೆನ್ನುಹತ್ತಿದವರು ಡಿಎನ್‌ಎ ಪರೀಕ್ಷೆ ಮಾಡಿಸಿ 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿದರು, ಅದಕ್ಕೆ ಕಾಫೆಲ್ಡ್ ಅವರದ್ದೇ ಹೆಸರಿಟ್ಟರು. ಅಷ್ಟು ದೊಡ್ಡ ನಗರದ ಪಕ್ಕದಲ್ಲಿ ಅಷ್ಟು ವರ್ಷ ಅಡಗಿದ್ದ ಕಪ್ಪೆ!

ನೀವು ಮುಂದಿನ ಸಲ ಮೊಬೈಲಿನಲ್ಲಿ ಎರಡೂ ಕೂಗುಗಳನ್ನು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ. ಸಮಯವನ್ನೂ ಆಗಿನ ಉಷ್ಣಾಂಶವನ್ನೂ ಬರೆದಿಡಿ. ತಂಪಾದಾಗ ಕಪ್ಪೆ ನಿಧಾನವಾಗಿ ಕೂಗುತ್ತದೆ, ಸೆಕೆಯಲ್ಲಿ ಬೇಗ ಕೂಗುತ್ತದೆ. ಉಷ್ಣಾಂಶ ಗೊತ್ತಿಲ್ಲದಿದ್ದರೆ ಒಂದೇ ಪ್ರಭೇದ ಎರಡಾಗಿ ಕೇಳಿಸುತ್ತದೆ.

ಕುಷ್ಟಗಿ ವಿದ್ಯಾರ್ಥಿನಿ:

ನಾನು ಬಿಎಸ್ಸಿ ಎರಡನೆಯ ವರ್ಷದಲ್ಲಿದ್ದೇನೆ. ನಮ್ಮ ಕಡೆ ಕಾಲುವೆ ನೀರಿಲ್ಲ, ಸಜ್ಜೆ, ಶೇಂಗಾ ಬೆಳೆಯುವ ಮಸಾರಿ ಭೂಮಿ. ಶೇಂಗಾ ಕೀಳುವಾಗ ಮಣ್ಣಿನೊಳಗಿಂದ ಗುಂಡಗಿನ ಕಪ್ಪೆ ಹೊರಬರುತ್ತದೆ. ಮೂತಿ ಮೊಂಡು, ಕಾಲು ಗಿಡ್ಡ, ಮೈಗೆ ಹೊಲದ ಮಣ್ಣಿನದೇ ಬಣ್ಣ. ಒಂದನ್ನು ಮಣ್ಣಿನ ಮೇಲೆ ಬಿಟ್ಟು ಕುಳಿತು ನೋಡಿದೆ. ಅದು ಮುಂದಕ್ಕೆ ಜಿಗಿಯಲಿಲ್ಲ. ಹಿಂಗಾಲುಗಳ ಹಿಮ್ಮಡಿಯಿಂದ ಮಣ್ಣನ್ನು ಎರಡೂ ಪಕ್ಕಕ್ಕೆ ತಳ್ಳುತ್ತಾ, ಮೈಯನ್ನು ಆಚೆ ಈಚೆ ತಿರುಗಿಸುತ್ತಾ ಹಿಂದುಹಿಂದಕ್ಕೆ ಇಳಿಯಿತು. ಕೊನೆಗೆ ಎರಡು ಕಣ್ಣು ಮಾತ್ರ ಮೇಲೆ ಉಳಿದವು, ಆಮೇಲೆ ಅವೂ ಮುಚ್ಚಿಹೋದವು.

2020ರಲ್ಲಿ ಬೆಂಗಳೂರಿನ ಹೊರವಲಯದಿಂದ ಸ್ಫೀರೋಥೀಕಾ ಬೆಂಗಳೂರು ಎಂಬ ಬಿಲಗಪ್ಪೆಯನ್ನು ಹೊಸದಾಗಿ ವಿವರಿಸಿದ್ದಾರೆ ಎಂದು ಓದಿದೆ. ನಮ್ಮ ಹೊಲದ್ದೂ ಅದೇ ಇರಬಹುದೇ, ಮೇಡಂ?

ರಾಯಚೂರಿನ ಸಂಶೋಧಕಿ:

ತಂಗಿ, ನೀನು ನೋಡಿ ಬರೆದದ್ದು ತುಂಬ ಚೆನ್ನಾಗಿದೆ, ಹಾಗೆಯೇ ದಿನಾಂಕ ಹಾಕಿ ಇಟ್ಟುಕೋ. ಸ್ಫೀರೋಥೀಕಾ ಕುಲದ್ದು ಎಂಬುದು ನಿನ್ನ ವಿವರಣೆಯಿಂದ ಬಹುಮಟ್ಟಿಗೆ ತಿಳಿಯುತ್ತದೆ. ಪ್ರಭೇದದ ಮಾತು ಬೇರೆ. 2017ರಲ್ಲಿ ಪಶ್ಚಿಮ ಭಾರತದಿಂದ ಪಶ್ಚಿಮ ಎಂಬ ಹೆಸರಿನ ಪ್ರಭೇದ ಬಂತು, ಮೂರು ವರ್ಷಕ್ಕೆ ಬೆಂಗಳೂರಿನದು ಬಂತು. ಎರಡಕ್ಕೂ ಮೊದಲು ಇವನ್ನೆಲ್ಲ ಬ್ರೆವಿಸೆಪ್ಸ್ ಎಂದೋ ಇನ್ನಾವುದೋ ಹಳೆಯ ಹೆಸರಿನಿಂದಲೋ ಕರೆಯುತ್ತಿದ್ದರು. ಕುಷ್ಟಗಿ ಈ ಎರಡೂ ಪ್ರದೇಶಗಳ ನಡುವೆ ಇದೆ. ನಿನ್ನ ಹೊಲದ ಕಪ್ಪೆ ಆ ಕಡೆಯದೂ ಆಗಬಹುದು, ಈ ಕಡೆಯದೂ ಆಗಬಹುದು, ಎರಡೂ ಅಲ್ಲದೆಯೂ ಇರಬಹುದು.

ಬಳ್ಳಾರಿಯ ನಿವೃತ್ತ ಪ್ರಾಧ್ಯಾಪಕ:

ಚರ್ಚೆ ಒಳ್ಳೆಯ ಹಾದಿಯಲ್ಲಿದೆ. ಆದರೆ ನನಗೊಂದು ಗಂಭೀರ ಆಕ್ಷೇಪಣೆ ಇದೆ. ಇತ್ತೀಚೆಗೆ ಒಂದು ವಂಶವಾಹಿಯ ಸ್ವಲ್ಪ ವ್ಯತ್ಯಾಸ ಕಂಡರೆ ಸಾಕು, ಹೊಸ ಪ್ರಭೇದವೆಂದು ಪ್ರಕಟಿಸಿಬಿಡುತ್ತಾರೆ. ಶೇ. 3 ಎಂಬ ಗೆರೆಯನ್ನು ಪ್ರಕೃತಿ ಎಳೆದಿಲ್ಲ. ಅದರ ಮೇಲೆ, ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ. ಎರಡು ಪ್ರಭೇದಗಳ ಮಿಶ್ರತಳಿಯನ್ನು ಪರೀಕ್ಷಿಸಿದರೆ ತಾಯಿಯ ಜಾತಿ ಕಾಣುತ್ತದೆ, ತಂದೆ ಕಾಣುವುದೇ ಇಲ್ಲ. ಯುರೋಪಿನಲ್ಲಿ ಊಟಕ್ಕೆ ಬಳಸುವ ಎಸ್ಕುಲೆಂಟಸ್ ಎಂಬ ಹಸಿರು ಕಪ್ಪೆ ಇಡಿಯಾಗಿ ಎರಡು ಪ್ರಭೇದಗಳ ಮಿಶ್ರತಳಿ. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನಿಯಸ್‌ನ ಕಾಲದಿಂದ ಅದನ್ನು ಸ್ವತಂತ್ರ ಪ್ರಭೇದವೆಂದೇ ಎಣಿಸಿದ್ದರು. 16ಎಸ್ ಒಂದನ್ನೇ ಹಿಡಿದು ಹೊರಟರೆ ಇಂಥದ್ದು ಎಂದೂ ತಿಳಿಯುವುದಿಲ್ಲ.

ಇನ್ನೂ ದೊಡ್ಡ ತೊಂದರೆ ಮಾದರಿ ಎಲ್ಲಿಂದ ತಂದಿರಿ ಎಂಬುದು. ಬೆಂಗಳೂರಿನವರ ಮಾತು ಕೇಳಿ, ನಡುವೆ ಎಲ್ಲೂ ಇಳಿಯದೆ ಕಲಬುರಗಿಗೆ ಹೋಗಿ ಅಲ್ಲಿನ ಮಾತು ಕೇಳಿದವನು ಇವೆರಡು ಬೇರೆ ಭಾಷೆ ಎಂದುಕೊಂಡಾನು. ಚಿತ್ರದುರ್ಗ, ಬಳ್ಳಾರಿ, ಸಿರುಗುಪ್ಪ, ರಾಯಚೂರಿನಲ್ಲಿ ಇಳಿದಿಳಿದು ಹೋದರೆ ಮಾತು ಊರಿಂದೂರಿಗೆ ಸ್ವಲ್ಪ ಸ್ವಲ್ಪವೇ ತಿರುಗುವುದು ತಿಳಿಯುತ್ತದೆ. ಕಪ್ಪೆಗಳ ವಂಶವಾಹಿಯೂ ದೂರ ಹೆಚ್ಚಿದಂತೆ ನಿಧಾನವಾಗಿ ಬದಲಾಗುತ್ತದೆ. ಎರಡು ತುದಿಗಳ ಮಾದರಿ ಮಾತ್ರ ಇದ್ದರೆ ಆ ನಿಧಾನದ ಬದಲಾವಣೆಯೇ ದೊಡ್ಡ ಬಿರುಕಿನಂತೆ ಕಾಣುತ್ತದೆ, ಒಂದು ಪ್ರಭೇದ ಕಾಗದದ ಮೇಲೆ ಎರಡಾಗುತ್ತದೆ.

ಗಂಗಾವತಿ ಉಪನ್ಯಾಸಕ:

ಸರ್, ನಿಮ್ಮ ಆಕ್ಷೇಪಣೆಯೇ ನಮ್ಮ ಕೆಲಸಕ್ಕೆ ಅತಿ ಬಲವಾದ ಕಾರಣ ಎಂದು ನನಗೆ ಅನಿಸುತ್ತದೆ. ದಖ್ಖನಿನ ಭೂಪಟದಲ್ಲಿ ಆ ನಡುವಿನ ಊರುಗಳು ನಮ್ಮವೇ. ಕೊಪ್ಪಳ, ರಾಯಚೂರು, ಬಳ್ಳಾರಿಯ ಸರಣಿಗಳಿಲ್ಲದೆ ಪುಣೆಯ ಕಪ್ಪೆಗೂ ಬೆಂಗಳೂರಿನ ಕಪ್ಪೆಗೂ ನಡುವೆ ಬಿರುಕಿದೆಯೋ ಇಳಿಜಾರಿದೆಯೋ ಯಾರೂ ಹೇಳಲಾರರು. ಮಳೆಕಾಡಿನ ಅಪರೂಪದ ಕಪ್ಪೆಯನ್ನು ಹುಡುಕಿಕೊಂಡು ಹೋಗುವವರಿಗೆ ಕೊರತೆಯಿಲ್ಲ. ಬಯಲುಸೀಮೆಯ ಗದ್ದೆಯಲ್ಲಿ ಸಾವಿರ ಸಾವಿರ ಇರುವ ಕಪ್ಪೆಯನ್ನು "ಸಾಮಾನ್ಯ" ಎಂದು ಬರೆದು ಪುಟ ತಿರುಗಿಸುವುದು ನನಗೆ ಬಹಳ ಬೇಸರ ತರಿಸುತ್ತದೆ. ಹೆಸರೇ ಖಚಿತವಿಲ್ಲದ ಪ್ರಾಣಿಯನ್ನು ಸಾಮಾನ್ಯ ಎನ್ನಲು ನಮಗೇನು ಆಧಾರವಿದೆ?

ಇನ್ನೊಂದು ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಆನೆಗೊಂದಿಯ ಸುತ್ತ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತವೆ. ಅಲ್ಲಿ ನೂರಾರು ವರ್ಷಗಳಿಂದ ಭತ್ತವಿದೆ, ಎಂದರೆ ನಿಂತ ನೀರು ಇದೆ. ಸಿಂಧನೂರು, ಮಾನ್ವಿ ಕಡೆ ಹಾಗಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಬರುವ ಮುನ್ನ ಅದು ಜೋಳ, ಹತ್ತಿಯ ಎರೆ ಸೀಮೆ. ಅಲ್ಲಿನ ಗದ್ದೆಗಪ್ಪೆಗಳು ಹಳ್ಳಕೊಳ್ಳಗಳಲ್ಲಿ ಮೊದಲಿನಿಂದಲೂ ಇದ್ದವೇ? ಇಲ್ಲ, ಕಾಲುವೆಯ ನೀರಿನ ಜೊತೆ ಮೇಲಿನಿಂದ ಇಳಿದು ಬಂದವೇ? ವಂಶವಾಹಿಯಿಂದ ಇದನ್ನು ತಿಳಿಯಲು ಬರುತ್ತದೆಯೇ, ಮೇಡಂ?

ರಾಯಚೂರಿನ ಸಂಶೋಧಕಿ:

ಬರುತ್ತದೆ. ಕೆಲವೇ ಕಪ್ಪೆಗಳು ಹೊಸ ಜಾಗಕ್ಕೆ ಬಂದು ಬೇಗ ಹೆಚ್ಚಿದ್ದರೆ ಅವುಗಳ ಸಂತತಿಯಲ್ಲಿ ವೈವಿಧ್ಯ ಕಡಿಮೆ ಇರುತ್ತದೆ, ಎಲ್ಲರಲ್ಲೂ ಹೆಚ್ಚುಕಡಿಮೆ ಅದೇ ಸರಣಿ ಸಿಗುತ್ತದೆ. ಬಹುಕಾಲದಿಂದ ಇದ್ದಲ್ಲೇ ಇದ್ದರೆ ಆ ಊರಿಗೇ ವಿಶಿಷ್ಟವಾದ ಸರಣಿಗಳು ಬೆಳೆದಿರುತ್ತವೆ. ಆನೆಗೊಂದಿಯಿಂದ ಕಾರಟಗಿ, ಸಿಂಧನೂರು, ಮಾನ್ವಿವರೆಗೆ ಕಾಲುವೆಯ ಉದ್ದಕ್ಕೂ ಮಾದರಿ ತೆಗೆದು, ಕುಷ್ಟಗಿ, ಲಿಂಗಸುಗೂರಿನ ಒಣ ಸೀಮೆಯದನ್ನು ಪಕ್ಕದಲ್ಲಿಟ್ಟು ನೋಡಬೇಕು. ನನಗೆ ಗೊತ್ತಿರುವ ಪ್ರಶ್ನೆಗಳಲ್ಲಿ ನಮ್ಮ ಸೀಮೆಯಲ್ಲೇ ಉತ್ತರ ಸಿಗಬೇಕಾದ ಪ್ರಶ್ನೆ ಇದು. ಬೇರೆ ಕಡೆ ಕುಳಿತು ಇದಕ್ಕೆ ಉತ್ತರಿಸಲಾಗದು.

ಪ್ರಾಧ್ಯಾಪಕರ ಆಕ್ಷೇಪಣೆಯನ್ನು ಪೂರ್ತಿ ಒಪ್ಪುತ್ತೇನೆ. ಆದ್ದರಿಂದಲೇ ಈಗ 16ಎಸ್ ಜೊತೆಗೆ ಕೋಶಕೇಂದ್ರದ ವಂಶವಾಹಿಗಳನ್ನೂ ಓದುತ್ತಾರೆ, ಅವು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಇನ್ನೊಂದು ಎಚ್ಚರಿಕೆಯನ್ನು ನಾನೇ ಸೇರಿಸುತ್ತೇನೆ. ನಾವು ಹೋಲಿಸಿ ನೋಡುವ ಜೆನ್‌ಬ್ಯಾಂಕ್ ಎಂಬ ಜಾಗತಿಕ ಭಂಡಾರದಲ್ಲಿ ಸರಣಿಗೆ ಹೆಸರು ಕೊಡುವವರು ಅದನ್ನು ಸೇರಿಸಿದವರೇ. ಲಿಮ್ನೊಕಾರಿಸ್ ಎಂಬ ಚೀಟಿ ಅಂಟಿಸಿಕೊಂಡ ಭಾರತದ ಕಪ್ಪೆಗಳ ಸರಣಿಗಳು ಅಲ್ಲಿವೆ. ಗಂಗಾವತಿಯ ಸರಣಿ ಅಂಥದ್ದಕ್ಕೆ ನೂರಕ್ಕೆ ನೂರು ಹೊಂದಿದರೂ ಹೆಸರು ಸಿಕ್ಕಂತಾಗಲಿಲ್ಲ. ಆ ಪ್ರಭೇದವನ್ನು ಮೊದಲು ವಿವರಿಸಿದ ಊರಿನ ಕಪ್ಪೆಯ ಸರಣಿಯೊಂದಿಗೆ ಹೋಲಿಸಿದಾಗಲೇ ಹೆಸರು ನಿಲ್ಲುತ್ತದೆ.

ಸಂಡೂರು ಛಾಯಾಗ್ರಾಹಕ:

ಹಾಗಾದರೆ ಚಿತ್ರಕ್ಕೆ ಬೆಲೆಯೇ ಇಲ್ಲವೇ?

ರಾಯಚೂರಿನ ಸಂಶೋಧಕಿ:

ಬೆಲೆ ಇದೆ, ಸರ್, ಬಹಳ ಇದೆ. ಯಾವ ಕಪ್ಪೆಯಿಂದ ಮಾದರಿ ತೆಗೆದೆವೋ ಅದೇ ಕಪ್ಪೆಯ ಚಿತ್ರ, ಅದೇ ಕಪ್ಪೆಯ ಕೂಗು ಇದ್ದರೆ ಆ ಸರಣಿಗೆ ಜೀವ ಬರುತ್ತದೆ. ಎಥನಾಲ್‌ನಲ್ಲಿ ಬಣ್ಣ ಉಳಿಯುವುದಿಲ್ಲ. ನಾಳೆ ಹೆಸರು ಬದಲಾದರೂ ನಿಮ್ಮ ಚಿತ್ರದಿಂದ ಆ ಕಪ್ಪೆ ಹೇಗಿತ್ತು ಎಂದು ನೋಡಬಹುದು. ಮಂಗಳೂರಿನಲ್ಲಿ 2018ರಲ್ಲಿ ವಿವರಿಸಿದ ಮೈಕ್ರೊಹೈಲಾ ಕೊಡಿಯಾಲ್, ಮಣಿಪಾಲದ ಸುತ್ತ ಮುರಕಲ್ಲಿನ ಬಯಲಿನಲ್ಲಿ ಸಿಕ್ಕು 2016ರಲ್ಲಿ ಪ್ರಕಟವಾದ ಮೈಕ್ರೊಹೈಲಾ ಲ್ಯಾಟರೈಟ್, ಎರಡೂ ಜನವಸತಿಯ ಪಕ್ಕದ ಕಪ್ಪೆಗಳು. ಎರಡರಲ್ಲೂ ನೋಟ, ಕೂಗು, ಡಿಎನ್‌ಎ ಮೂರನ್ನೂ ಸೇರಿಸಿಯೇ ಹೆಸರಿಟ್ಟರು.

ಸಿರುಗುಪ್ಪದ ಕೃಷಿ ಪದವೀಧರ:

ಒಂದು ಪ್ರಾಯೋಗಿಕ ಪ್ರಶ್ನೆ. ಕಪ್ಪೆ ಹಿಡಿಯುವುದೇ ಬೇಡ, ನೀರಿನಲ್ಲಿ ಉದುರಿದ ಡಿಎನ್‌ಎ ನೋಡಿ ಯಾವ ಪ್ರಾಣಿ ಇದೆ ಎಂದು ಹೇಳಬಹುದಂತೆ. 2008ರಲ್ಲಿ ಫ್ರಾನ್ಸಿನ ಕೊಳಗಳಲ್ಲಿ ಅಮೆರಿಕದ ಗೂಳಿಗಪ್ಪೆಯನ್ನು ಹೀಗೆ ಪತ್ತೆ ಹಚ್ಚಿದ್ದನ್ನು ಓದಿದ್ದೇನೆ. ಕೀಟನಾಶಕ ಹೊಡೆದ ಗದ್ದೆ, ಹೊಡೆಯದ ಗದ್ದೆಗಳನ್ನು ಹಾಗೆ ಹೋಲಿಸಿದರೆ ರೈತರಿಗೂ ಉಪಯೋಗ.

ರಾಯಚೂರಿನ ಸಂಶೋಧಕಿ:

ಆಗಬಹುದು, ಆದರೆ ಮೊದಲು ನಮ್ಮ ಸೀಮೆಯ ಪ್ರತಿ ಕಪ್ಪೆಯ ಸರಣಿ ಕೈಯಲ್ಲಿರಬೇಕು. ಅದಿಲ್ಲದೆ ನೀರಿನಲ್ಲಿ ಸಿಕ್ಕ ಸರಣಿ ಯಾರದೆಂದು ಹೇಳುವುದು ಹೇಗೆ? ಕಾಲುವೆಯ ನೀರಿನಲ್ಲಿ ಮೇಲಿನ ಊರಿನ ಡಿಎನ್‌ಎ ಕೆಳಗಿನ ಗದ್ದೆಗೆ ಹರಿದು ಬರುವ ತೊಡಕೂ ಇದೆ. ಕೀಟನಾಶಕದ ಪ್ರಶ್ನೆಗೂ ಪ್ರಭೇದ ತಿಳಿದಿರಬೇಕು. ಎರಡು ಪ್ರಭೇದಗಳಲ್ಲಿ ಒಂದು ತಡೆದುಕೊಂಡು ಇನ್ನೊಂದು ಅಳಿಯುತ್ತಿದ್ದರೆ, ಎರಡನ್ನೂ ಒಂದೇ ಹೆಸರಿನಲ್ಲಿ ಎಣಿಸುವವರಿಗೆ ಗದ್ದೆಯಲ್ಲಿ ಕಪ್ಪೆ ಇದೆ ಎಂದಷ್ಟೇ ಕಾಣುತ್ತದೆ.

ಬಳ್ಳಾರಿಯ ನಿವೃತ್ತ ಪ್ರಾಧ್ಯಾಪಕ:

ಈ ಮಾತು ನನಗೂ ನಾಟಿತು. ಕೆಲಸ ಆರಂಭಿಸುವುದಾದರೆ ಮೊದಲು ಕಾನೂನಿನ ಕಡೆ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಜೀವವೈವಿಧ್ಯ ಕಾಯ್ದೆ ಇದೆ. ಉತ್ಸಾಹದಲ್ಲಿ ವಿದ್ಯಾರ್ಥಿಗಳು ಕಪ್ಪೆ ಹಿಡಿದು ಬೆರಳು ಕತ್ತರಿಸುವುದು ಕೂಡದು. ಸಂಸ್ಥೆಯ ಮೂಲಕ ಅರಣ್ಯ ಇಲಾಖೆಗೆ ಅರ್ಜಿ ಹಾಕಿ, ಅನುಮತಿ ಬಂದ ಮೇಲೆ ತರಬೇತಿ ಪಡೆದವರೇ ಮಾದರಿ ತೆಗೆಯಲಿ. ಅರ್ಜಿಯ ವೈಜ್ಞಾನಿಕ ಭಾಗವನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು ತೊಳೆದು ಒಣಗಿಸಿಕೊಂಡು ಹೋಗಿ. ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗ ಜಗತ್ತಿನ ಹಲವು ಕಡೆ ಅವುಗಳನ್ನು ಅಳಿಸಿಹಾಕಿದೆ, ಅದು ಒದ್ದೆ ಬೂಟಿನಲ್ಲೂ ಸಾಗುತ್ತದೆ.

ಗಂಗಾವತಿ ಉಪನ್ಯಾಸಕ:

ಹಾಗಾದರೆ ಅನುಮತಿ ಬರುವವರೆಗೆ ಮುಟ್ಟದೆ ಮಾಡುವ ಕೆಲಸವನ್ನು ಆರಂಭಿಸೋಣ. ಆನೆಗೊಂದಿ, ಗಂಗಾವತಿ ಗದ್ದೆಗಳ ಕೂಗುಗಳನ್ನು ನಮ್ಮ ಮಕ್ಕಳು ನೋಡಿಕೊಳ್ಳುತ್ತಾರೆ. ಕುಷ್ಟಗಿಯ ಬಿಲಗಪ್ಪೆಗಳು ವಿದ್ಯಾರ್ಥಿನಿಯ ಪಾಲಿಗೆ. ಸಂಡೂರು ಗುಡ್ಡಗಳ ಚಿತ್ರ, ಕೂಗು ಎರಡೂ ಛಾಯಾಗ್ರಾಹಕರ ಹೊಣೆ. ಸಿರುಗುಪ್ಪದವರು ಬಲದಂಡೆ ನೋಡಿಕೊಳ್ಳಬಹುದೇ?

ಸಿರುಗುಪ್ಪದ ಕೃಷಿ ಪದವೀಧರ:

ನೋಡಿಕೊಳ್ಳುತ್ತೇನೆ. ಹಚ್ಚೊಳ್ಳಿ ಕಡೆ ಪರಿಚಯದ ರೈತರಿದ್ದಾರೆ.

ಸಿಂಧನೂರು ಕೊನೆಭಾಗದ ರೈತ:

ನಮ್ಮ ಹೊಲಕ್ಕೆ ಯಾರು ಬೇಕಾದರೂ ಬನ್ನಿ. ನಾಟಿ ಆದ ಮೊದಲ ವಾರ ಮಡಿಯೊಳಗೆ ಕಾಲಿಡಬೇಡಿ, ಬದುವಿನ ಮೇಲೆಯೇ ನಡೆಯಿರಿ. ರಾತ್ರಿ ಹಾವು ಇರುತ್ತವೆ, ಬೂಟು, ಬ್ಯಾಟರಿ ತನ್ನಿ. ನಿನ್ನೆ ರಾತ್ರಿ ಎರಡೂ ಕೂಗುಗಳನ್ನು ಮೊಬೈಲಿನಲ್ಲಿ ಹಿಡಿದಿದ್ದೇನೆ, ಬದುವಿನದು ಒಂದು, ನೀರಿನದು ಒಂದು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲೇ?

ರಾಯಚೂರಿನ ಸಂಶೋಧಕಿ:

ಧ್ವನಿ ಸಂದೇಶವಾಗಿ ಬೇಡ, ಅಣ್ಣ, ಅದರಲ್ಲಿ ಧ್ವನಿ ಕುಗ್ಗಿ ಸೂಕ್ಷ್ಮ ವಿವರ ಅಳಿಸಿಹೋಗುತ್ತದೆ. ಮೂಲ ಕಡತವನ್ನು ಹಾಗೆಯೇ ಇಮೇಲ್ ಮಾಡಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ನೆರವು ಪಡೆಯಿರಿ. ಮುದ್ರಿಸಿದ ಹೊತ್ತು ಎಷ್ಟು, ಆಗ ಮಳೆ ಇತ್ತೇ, ಗಾಳಿ ಇತ್ತೇ ಎಂಬುದನ್ನೂ ಜೊತೆಗೆ ಬರೆಯಿರಿ.